ಮಾವನ ಕಾರಿಗೆ ಹೊಸ ಗ್ಯಾಸು

ನಮ್ಮ ಸೋದರಮಾವನ ಕಾರಿನಲ್ಲಿ ಈಚೆಗೆ ಒಂದು ಸಲ ಕೂತವರು ಎರಡನೇ ಸಲ ಕೂತದ್ದಿಲ್ಲ. ಇದು ಚಾಡಿಮಾತಲ್ಲ. ಬಸವೇಶ್ವರನಗರದಿಂದ ಕೆಂಗೇರಿಯವರೆಗೆ ಹರಡಿಕೊಂಡಿರುವ ನಮ್ಮ ಬಳಗದಲ್ಲಿ ಯಾರನ್ನು ಬೇಕಾದರೂ ಕೇಳಿ. ಕೇಳುವ ಮೊದಲು ಮಾವ ಅಕ್ಕಪಕ್ಕದಲ್ಲಿ ಇಲ್ಲವೆಂದು ಖಾತ್ರಿ ಮಾಡಿಕೊಳ್ಳಿ. ಇದ್ದರೆ, "ಬನ್ನಿ, ಡ್ರಾಪ್ ಮಾಡ್ತೀನಿ" ಅಂತ ನಿಮ್ಮನ್ನೇ ಹತ್ತಿಸಿಕೊಂಡುಬಿಡುತ್ತಾರೆ!

ಮಾವ ಮದುವೆಯಾಗಲಿಲ್ಲ, ಕಾರು ತೊಗೊಂಡರು. ಎರಡಕ್ಕೂ ಸಂಬಂಧವಿಲ್ಲ ಅಂತ ಅವರೇ ಪದೇ ಪದೇ ಹೇಳುವುದರಿಂದ ನಮಗೆ ಅನುಮಾನ. ಕಾರ್ಖಾನೆಯ ಕೆಲಸದಲ್ಲಿದ್ದಾಗ, ತೊಂಬತ್ತರ ದಶಕದ ಶುರುವಿನಲ್ಲಿ, ಎಸಿ ಇರುವ ಬಿಳಿ ಕಾರು ತಂದರು. ಇಡೀ ಬಳಗಕ್ಕೆ ಅದೊಂದೇ ಕಾರು. ನಮ್ಮ ಮನೆಯ ಹೆಣ್ಣುಮಕ್ಕಳು ಛತ್ರದಿಂದ ಗಂಡನ ಮನೆಗೆ ಹೋದದ್ದು ಅದರಲ್ಲಿ, ಕೂಸನ್ನು ಎತ್ತಿಕೊಂಡು ಆಸ್ಪತ್ರೆಯಿಂದ ತವರಿಗೆ ಬಂದದ್ದೂ ಅದರಲ್ಲಿ. ನಾನೂ ಹಾಗೇ ಹೋದವಳು, ಹಾಗೇ ಬಂದವಳು. ಆಗೆಲ್ಲ ಮಾವನ ಕಾರು ಬೇಕೆಂದರೆ ಪುರೋಹಿತರಿಗೂ ಮೊದಲು ಮಾವನಿಗೆ ಹೇಳಿಡಬೇಕಾಗಿತ್ತು.

ಆಮೇಲೆ ಒಂದು ಬೇಸಿಗೆಯಲ್ಲಿ ಎಸಿಯ ಗ್ಯಾಸು ಸೋರಿಹೋಯಿತು. ಆ ಹಳೇ ಗ್ಯಾಸು ಆಕಾಶದ ಓಝೋನಿಗೆ ಕೆಟ್ಟದ್ದೆಂದು ಅಷ್ಟರಲ್ಲಿ ಜಗತ್ತೇ ಅದನ್ನು ಕೈಬಿಟ್ಟಿತ್ತು. ಬೇರೆ ಯಾರಾದರೂ ಆಗಿದ್ದರೆ ಕಿಟಕಿಯ ಗಾಜು ಇಳಿಸಿ ಹಾಯಾಗಿ ಓಡಾಡುತ್ತಿದ್ದರು. ಮಾವ ಇಳಿಸಲಿಲ್ಲ, ನಮ್ಮನ್ನೂ ಇಳಿಸಲು ಬಿಡಲಿಲ್ಲ. "ಎಸಿ ಕಾರು ಕಣೇ ಇದು. ಗಾಜು ಇಳಿಸಿದ್ರೆ ಮರ್ಯಾದೆ ಏನು ಉಳೀತು?"

ಹೀಗಾಗಿ ಏಪ್ರಿಲ್ ತಿಂಗಳ ಮಧ್ಯಾಹ್ನ, ಮಾಗಡಿ ರಸ್ತೆಯ ಸಿಗ್ನಲ್ಲಿನಲ್ಲಿ, ನಾಲ್ಕೂ ಗಾಜು ಮುಚ್ಚಿಕೊಂಡು ನಾವು ಕಡುಬಿನ ಹಾಗೆ ಬೇಯುತ್ತಿದ್ದೆವು. ಒಂದು ಮದುವೆಗೆ ಹೋದಾಗ ನಮ್ಮ ಚಿಕ್ಕಮ್ಮ ಕಾರಿನಿಂದ ಇಳಿದು ಛತ್ರದ ಬಾಗಿಲಿಗೆ ಬಂದರು. ಬೆವರಿಗೆ ಕಾಡಿಗೆ ಕೆನ್ನೆಯವರೆಗೆ ಇಳಿದಿತ್ತು. ಪನ್ನೀರು ಚಿಮುಕಿಸುತ್ತಿದ್ದ ಹೆಂಗಸು ಗಾಬರಿಯಾಗಿ, "ಯಾಕಮ್ಮ ಅಳ್ತಾ ಇದೀರಾ? ಹುಡುಗ ಇಷ್ಟ ಇಲ್ವಾ?" ಅಂದಳು. ಚಿಕ್ಕಮ್ಮ ವರನ ತಾಯಿ!

ಅದಾದ ಮೇಲೆ ಫೋನಿನಲ್ಲಿ ಕ್ಯಾಬ್ ಕರೆಯುವ ಕಾಲ ಬಂತು, ಮೆಟ್ರೋ ಬಂತು, ಬಳಗದಲ್ಲಿ ಮನೆಗೊಂದು ಕಾರು ಬಂತು. ಆದರೂ ಪ್ರತಿ ಸಮಾರಂಭದ ಊಟವಾದ ಮೇಲೆ ಮಾವ ಬೀಗದ ಕೈ ಹಿಡಿದುಕೊಂಡು ಛತ್ರದ ಬಾಗಿಲಲ್ಲಿ ನಿಲ್ಲುತ್ತಿದ್ದರು. "ಯಾರ್ಗಾದ್ರೂ ಡ್ರಾಪ್ ಬೇಕಾ?" ತಾಂಬೂಲದ ಚೀಲ ಹಿಡಿದ ಜನ ಪಕ್ಕದ ಬಾಗಿಲು ಹುಡುಕುತ್ತಿದ್ದರು. ಒಬ್ಬರಿಗೆ ಕ್ಯಾಬ್ ಬರುತ್ತಿದೆ, ಇನ್ನೊಬ್ಬರಿಗೆ ದಾರಿಯಲ್ಲಿ ಏನೋ ಕೆಲಸ. ನಮ್ಮ ಚಿಕ್ಕಪ್ಪನಂತೂ, "ಬೇಡ ಭಾವ, ಡಾಕ್ಟ್ರು ನಡೀರಿ ಅಂದಿದಾರೆ" ಎಂದುಬಿಟ್ಟರು. ಛತ್ರ ರಾಜಾಜಿನಗರದಲ್ಲಿ, ಚಿಕ್ಕಪ್ಪನ ಮನೆ ಹದಿನೈದು ಕಿಲೋಮೀಟರು ದೂರದ ಕೆಂಗೇರಿಯಲ್ಲಿ.

ಎಲ್ಲರೂ ಹೋದ ಮೇಲೆ ಮಾವ ಖಾಲಿ ಕಾರು ತೆಗೆದುಕೊಂಡು ಖಾಲಿ ಮನೆಗೆ ಹೋಗುತ್ತಿದ್ದರು.

ಈ ಸಲ ಯುಗಾದಿಗೆ ನಮ್ಮ ಮನೆಗೆ ಬಂದವರು, ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಾ ಹೇಳಿದರು: "ಯಾಕೆ ಯಾರೂ ಬರಲ್ಲ ಅಂತ ಗೊತ್ತಾಯ್ತು ಕಣೇ. ಸೆಖೆ. ಪಾಪ, ಅವ್ರದ್ದೇನು ತಪ್ಪು? ಹೊಸ ಗ್ಯಾಸಿಗೆ ಬದಲಾಯಿಸಿಬಿಡ್ತೀನಿ. ಆಮೇಲೆ ನೋಡು, ಸೀಟು ಸಾಕಾಗಲ್ಲ."

ಸೆಖೆಯೊಂದೇ ಕಾರಣವಲ್ಲ ಅಂತ ಹೇಳುವವರು ಯಾರು? ಕಾರು ಎತ್ತಿನ ಗಾಡಿಗಿಂತ ಒಂದು ಗುಲಗಂಜಿಯಷ್ಟು ಮಾತ್ರ ಮುಂದೆ. ಜೊತೆಗೆ ವ್ಯಾಖ್ಯಾನ ಬೇರೆ. ಇಲ್ಲಿ ಕೆರೆ ಇತ್ತು, ಇಲ್ಲಿ ರಾಗಿ ಹೊಲ ಇತ್ತು, ಇಲ್ಲಿ ನಿಮ್ಮಜ್ಜಿ ಚಪ್ಪಲಿ ಕಳೆದುಕೊಂಡಳು. ಚಪ್ಪಲಿ ಕಳೆದ ಜಾಗದಲ್ಲಿ ನಿಲ್ಲಿಸಿ ತೋರಿಸುತ್ತಾರೆ ಕೂಡ! ಆದರೆ ಹೋಳಿಗೆ ತಿನ್ನುತ್ತಿದ್ದ ಅವರ ಮುಖದಲ್ಲಿ ಎಷ್ಟು ನಂಬಿಕೆಯಿತ್ತೆಂದರೆ, ನಾನು ಇನ್ನೊಂದು ಚಮಚ ತುಪ್ಪ ಹಾಕಿದೆ, ಅಷ್ಟೇ.

ಎಸಿ ರಿಪೇರಿಯವನ ಅಂಗಡಿ ದೀಪಾಂಜಲಿ ನಗರದಲ್ಲಿ. ನೋಡಲು ನಾನೂ ಬರಬೇಕೆಂದು ಮಾವನ ಹಟ. ಬಂದೆ, ಮೆಟ್ರೋದಲ್ಲಿ. ಮೆಕ್ಯಾನಿಕ್ಕು ಬಾನೆಟ್ಟು ಎತ್ತಿ ನೋಡಿ, ಹೊಸ ಗ್ಯಾಸು ಹಾಕಬೇಕಾದರೆ ಒಳಗಿರುವ ಹಳೇ ಎಣ್ಣೆಯನ್ನೆಲ್ಲ ತೊಳೆದು ತೆಗೆಯಬೇಕು, ಪೈಪು, ವಾಷರ್ರು ಎಲ್ಲ ಬದಲಾಗಬೇಕು ಅಂದ.

"ಹಳೇದು ಸ್ವಲ್ಪ ಉಳಿಸ್ಕೊಂಡು ಹೊಸದು ಹಾಕಪ್ಪ. ಹೆಪ್ಪಿಗೆ ಇರ್ಲಿ," ಅಂದರು ಮಾವ.

"ಮೊಸರಲ್ಲ ಸಾರ್ ಇದು. ಎರಡೂ ಸೇರಲ್ಲ. ಹಳೇದು ಪೂರ್ತಿ ಹೋಗ್ಲೇಬೇಕು."

ಮಾವ ಬಾನೆಟ್ಟಿನ ಅಂಚನ್ನು ಒಂದು ಸಲ ಸವರಿದರು. ಆಮೇಲೆ "ಸರಿ, ಹೋಗ್ಲಿ ಬಿಡು" ಅಂದರು.

ಬುಧವಾರ ಗ್ಯಾಸು ತುಂಬುವ ದಿನ, ಅವತ್ತೂ ನಾನು ಹಾಜರು. ಮೆಕ್ಯಾನಿಕ್ಕು ಯಂತ್ರ ಹಚ್ಚಿ ಪೈಪಿನೊಳಗಿದ್ದ ಗಾಳಿಯನ್ನೆಲ್ಲ ಎಳೆದುಹಾಕಿ, ಇನ್ನೇನು ಗ್ಯಾಸಿನ ಸಿಲಿಂಡರು ತಿರುಗಿಸಬೇಕು, ಮಾವ ಗಡಿಯಾರ ನೋಡಿ ಅವನ ಕೈ ಹಿಡಿದುಕೊಂಡರು. ಹನ್ನೆರಡು ಹೊಡೆದಿತ್ತು. "ರಾಹುಕಾಲ ಕಣಪ್ಪ. ಒಂದೂವರೆ ಆಗ್ಲಿ."

"ಗ್ಯಾಸಿಗೂ ರಾಹುಕಾಲನಾ ಸಾರ್?"

"ಮೊದಲನೇ ಸಲ ತುಂಬ್ತಿದೀಯ. ಗೃಹಪ್ರವೇಶ ಇದ್ದ ಹಾಗೆ."

ಅವನು ಗೊಣಗಿಕೊಂಡು ಊಟಕ್ಕೆ ಹೋದ. ತಿರುಗಿ ಬಂದು ಮೀಟರು ನೋಡಿದರೆ ಕೆಳಗೆ ಇಳಿದಿದ್ದ ಮುಳ್ಳು ಮೇಲೆ ಹತ್ತಿ ಕೂತಿದೆ! ಎಲ್ಲೋ ಸಣ್ಣ ಸಂದಿಯಿಂದ ಹೊರಗಿನ ಗಾಳಿ ನುಗ್ಗಿತ್ತು. ಹುಡುಕಿದ, ಹಿಂದಿನ ಒಂದು ಜಾಯಿಂಟಿನಲ್ಲಿ ಸಿಕ್ಕಿತು. "ಆಗಲೇ ತುಂಬಿದ್ದಿದ್ರೆ ವಾರದಲ್ಲಿ ಪೂರ್ತಿ ಸೋರಿಹೋಗ್ತಿತ್ತು ಸಾರ್," ಅಂದ, ತಲೆ ಕೆರೆದುಕೊಳ್ಳುತ್ತಾ. ಮಾವ ನನ್ನ ಕಡೆ ನೋಡಿದ ನೋಟಕ್ಕೆ ಪಂಚಾಂಗವೇ ನಾಚಬೇಕು. ಆ ಅಂಗಡಿಯಲ್ಲಿ ಈಗ ರಾಹುಕಾಲದಲ್ಲಿ ಯಾರ ಕಾರಿಗೂ ಗ್ಯಾಸು ತುಂಬುವುದಿಲ್ಲವಂತೆ.

ಅವತ್ತು ಸಂಜೆ ಮಾವ ಬಳಗಕ್ಕೆಲ್ಲ ಫೋನು ಮಾಡಿದರು. "ಎಸಿ ಬಂತು ಕಣಪ್ಪ. ಎಲ್ಲಿಗಾದ್ರೂ ಹೋಗೋದಿದ್ರೆ ಹೇಳು." ಎಲ್ಲರಿಗೂ ಸಂತೋಷವಾಯಿತು. ಎಲ್ಲರೂ "ಒಳ್ಳೇದಾಯ್ತು ಬಿಡಿ" ಅಂದರು. ಎಲ್ಲಿಗಾದರೂ ಹೋಗುವುದಿದೆ ಅಂತ ಯಾರೂ ಹೇಳಲಿಲ್ಲ. ಮಾವ ದಿನವೂ ಕಾರು ತೆಗೆದು ತರಕಾರಿಗೆ ಹೋದರು, ಬ್ಯಾಂಕಿಗೆ ಹೋದರು, ತರಕಾರಿಯಲ್ಲಿ ಕೊತ್ತಂಬರಿ ಮರೆತೆ ಅಂತ ಮತ್ತೆ ಹೋದರು. ಎರಡು ವಾರ ಹೀಗೇ ನಡೆಯಿತು.

ಮೊನ್ನೆ ಭಾನುವಾರ ನನ್ನ ತಂಗಿಯ ಮಗಳ ನಿಶ್ಚಿತಾರ್ಥ, ರಾಜರಾಜೇಶ್ವರಿನಗರದಲ್ಲಿ. ನನ್ನ ಮನೆ ವಿಜಯನಗರ ಮೆಟ್ರೋ ನಿಲ್ದಾಣದ ಬೆನ್ನಿಗೇ ಇದೆ. ರೇಷ್ಮೆ ಸೀರೆ ಉಟ್ಟು ಕೆಳಗಿಳಿದರೆ ಗೇಟಿನ ಮುಂದೆ ಬಿಳಿ ಕಾರು, ಎಂಜಿನ್ನು ಓಡುತ್ತಿದೆ.

"ಯಾವಾಗ ಬಂದ್ರಿ ಮಾವ? ಒಂದು ಫೋನ್ ಮಾಡಬಾರ್ದಾ?"

"ಮಾಡಿದ್ರೆ ಮೆಟ್ರೋಲಿ ಬರ್ತೀನಿ ಅಂತೀಯ. ಒಳಗೆ ತಣ್ಣಗಾಗ್ಲಿ ಅಂತ ಕಾಯ್ತಾ ಇದೀನಿ. ಕೂತ್ಕೋ ಬಾ."

ಕೂತೆ. ಬಾಗಿಲು ಹಾಕಿದ ಕೂಡಲೇ ಮುಖಕ್ಕೆ ರಪ್ಪನೆ ತಣ್ಣನೆ ಗಾಳಿ ಹೊಡೆಯಿತು. ಹಿತವಾಗಿತ್ತು. ಪಕ್ಕಕ್ಕೆ ತಿರುಗಿದರೆ ಮಾವನ ಹಣೆಯಿಂದ ಬೆವರು ಇಳಿಯುತ್ತಿದೆ, ಅಂಗಿಯ ಬೆನ್ನು ಒದ್ದೆಯಾಗಿದೆ. ಆಗ ನೋಡಿದೆ. ಡ್ಯಾಷ್‌ಬೋರ್ಡಿನ ಗಾಳಿ ಬರುವ ಕಿಂಡಿಗಳೆಲ್ಲ, ಅವರ ಎದುರಿಗಿದ್ದದ್ದೂ ಸೇರಿ, ನನ್ನ ಕಡೆಗೇ ತಿರುಗಿದ್ದವು.

"ನಿಮ್ಮ ಕಡೆ ಒಂದಾದ್ರೂ ಬೇಡ್ವಾ ಮಾವ?" ಅಂತ ಕೈ ಚಾಚಿದೆ.

"ಮುಟ್ಟಬೇಡ, ಹಾಗೇ ಇರ್ಲಿ. ಗ್ಯಾಸು ತುಂಬಿಸಿದ ದಿನವೇ ತಿರುಗಿಸಿಟ್ಟಿದೀನಿ. ದಾರೀಲಿ ಯಾರಾದ್ರೂ ಸಿಕ್ಕಿ ಹತ್ತಿದ್ರೆ, ಹತ್ತಿದ ತಕ್ಷಣ ತಂಪು ಸಿಗಬೇಕಲ್ಲ."

ಎರಡು ವಾರ ತರಕಾರಿಗೆ, ಬ್ಯಾಂಕಿಗೆ, ಕೊತ್ತಂಬರಿಗೆ ಈ ಮನುಷ್ಯ ಹೀಗೇ ಬೆವರುತ್ತಾ ಓಡಾಡಿದ್ದರು. ಪಕ್ಕದ ಖಾಲಿ ಸೀಟಿಗೆ ತಂಪು ಬೀಸುತ್ತಲೇ ಇತ್ತು. ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡೆ.

ನಾಯಂಡಹಳ್ಳಿ ದಾಟುವಷ್ಟರಲ್ಲಿ ನನ್ನ ಬೆರಳುಗಳು ಮರಗಟ್ಟಿದ್ದವು. ಮಾವ ರಸ್ತೆಯಿಂದ ಕಣ್ಣು ತೆಗೆಯದೆ ಕೇಳಿದರು, "ಚಳಿ ಆಗ್ತಿದ್ರೆ ಹೇಳೇ, ಕಮ್ಮಿ ಮಾಡ್ತೀನಿ."

"ಇಲ್ಲ ಮಾವ, ಹಿತವಾಗಿದೆ" ಅಂದು, ಕೈಗಳನ್ನು ಸೆರಗಿನೊಳಗೆ ಬಚ್ಚಿಟ್ಟುಕೊಂಡು ಕೂತೆ.