ಅತ್ತೆಯ ಹಸಿರು ಭಾವಚಿತ್ರ

ಇಪ್ಪತ್ತೆರಡು ವರ್ಷ! ಅಷ್ಟು ಕಾಲದಿಂದ ಡೆವೆಂಟರ್ ಪಟ್ಟಣದ ಅತ್ತೆಮನೆಯ ಸೋಫಾದ ಮೇಲಿನ ಮೊಳೆಗೆ ಕಿರಿಯ ಅಳಿಯ ರೂಲೋಫನ ಹಾಯಿದೋಣಿಯ ಫೋಟೋವೇ ಜೋತುಬಿದ್ದಿತ್ತು. ಹಿರಿಯ ಅಳಿಯ ವೀಬೆಗೆ ಆ ಮನೆಯಲ್ಲಿ ಒಂದು ಮೊಳೆಯ ಮರ್ಯಾದೆಯೂ ಇರಲಿಲ್ಲ. ಆದ್ದರಿಂದ ಅವನು ಎಣ್ಣೆಬಣ್ಣದ ಭಾವಚಿತ್ರ ಕಲಿಯುವ ಘನಸಂಕಲ್ಪ ಮಾಡಿದ. ಎಪ್ಪತ್ತನೆಯ ಹುಟ್ಟುಹಬ್ಬಕ್ಕೆ ಅತ್ತೆಯನ್ನೇ ಬರೆದುಕೊಟ್ಟರೆ ದೋಣಿ ಇಳಿಯಲೇಬೇಕಲ್ಲ!

ಸಂಜೆ ತರಗತಿಯ ಮೇಷ್ಟ್ರು ಹೇಳಿದ್ದು ಸರಳ: ಮೊದಲು ಮುಖಕ್ಕೆಲ್ಲ ಹಸಿರುಬೂದು ಬಣ್ಣ, ಎಣ್ಣೆ ಕಡಿಮೆ. ಅದು ಒಣಗಿದ ಮೇಲೆ ಮೈಬಣ್ಣ. ವೀಬೆ ಅಗಸೆ ಎಣ್ಣೆಯನ್ನು ಒಗ್ಗರಣೆಗೆ ಸುರಿದಂತೆ ಸುರಿದ. ಮೂರು ವಾರ ಕಳೆದರೂ ಅತ್ತೆಯ ಕೆನ್ನೆ ಬೆರಳಿಗೆ ಅಂಟುತ್ತಿತ್ತು. ಪಾಯಿಖಾನೆಯಲ್ಲಿ ತೂಗುವ ಹುಟ್ಟುಹಬ್ಬದ ಕ್ಯಾಲೆಂಡರು (ಆ ದೇಶದಲ್ಲಿ ಎಲ್ಲರ ಮನೆಯಲ್ಲೂ ಅದರ ಜಾಗ ಅದೇ) ದಿನಾ ಬೆಳಿಗ್ಗೆ ಹೆದರಿಸುತ್ತಿತ್ತು: ಈ ಭಾನುವಾರ ಅತ್ತೆ!

"ಹೆಣದ ಥರ ಇದೆಯಲ್ಲ," ಹೆಂಡತಿ ಹಿಲ್ಲಿ ಮುಖ ಸಿಂಡರಿಸಿದಳು. "ಅಮ್ಮ ಇನ್ನೂ ಬದುಕಿದ್ದಾಳೆ ಮಾರಾಯ!"

"ಇದು ಬರೀ ಅಸ್ತಿವಾರ ಕಣೇ. ಜೀವ ಆಮೇಲೆ ಬರತ್ತೆ."

"ಅಷ್ಟರಲ್ಲಿ ನಿಂದು ಹೋಗಿರತ್ತೆ."

ಭಾನುವಾರ ಅತ್ತೆಮನೆಯಲ್ಲಿ ಕುರ್ಚಿಗಳನ್ನು ದುಂಡಗೆ ಹಾಕಿತ್ತು. ಬಂದವರೆಲ್ಲ ಅಲ್ಲಿನ ಪದ್ಧತಿಯಂತೆ ಅತ್ತೆಗಷ್ಟೇ ಅಲ್ಲ, ಪರಸ್ಪರರಿಗೂ ಶುಭಾಶಯ ಹೇಳಿ, ತಲೆಗೊಂದೇ ತುಂಡು ಕೇಕು ತಿಂದು ಕೂತಿದ್ದರು. ವೀಬೆ ಚಿತ್ರದ ಮೇಲಿನ ಬಟ್ಟೆ ಸರಿಸಿದ.

"ಇದಿನ್ನೂ ಮುಗಿದಿಲ್ಲ ಅತ್ತೆ..."

ಅತ್ತೆ ಕನ್ನಡಕ ಏರಿಸಿದರು. ಚಿತ್ರದ ಹತ್ತಿರಕ್ಕೆ ಬಗ್ಗಿ ನೋಡಿ, ಹೊಟ್ಟೆ ಹಿಡಿದುಕೊಂಡು ನಕ್ಕರು.

"ಅಯ್ಯೋ, ನಮ್ಮತ್ತೆ! ಶವಪೆಟ್ಟಿಗೇಲಿ ಹೀಗೇ ಮಲಗಿದ್ಲು! ಅದೇ ಬಣ್ಣ, ಅದೇ ಗಂಟುಮುಖ! ಮೂವತ್ತು ವರ್ಷ ನನ್ನ ಬಟಾಣಿ ಸೂಪಿಗೆ ಕೊಂಕು ತೆಗೆದ ಹೆಂಗಸು! ಅಳಿಯಾ, ಇಂಥ ಉಡುಗೊರೆ ನಂಗೆ ಯಾರೂ ಕೊಟ್ಟಿರಲಿಲ್ಲ ಕಣೋ!"

ಎಲ್ಲರೂ ಚಪ್ಪಾಳೆ ತಟ್ಟಿದರು. ರೂಲೋಫ್ ಕೂಡ. ಹಿಲ್ಲಿ ಕರವಸ್ತ್ರ ಬಾಯಿಗೆ ತುರುಕಿಕೊಂಡಳು. ನಿಜ ಹೇಳುವ ಧೈರ್ಯ ವೀಬೆಗೆ ಬರಲಿಲ್ಲ, ಆದರೆ ಆಸೆ ಬಿಡಲಿಲ್ಲ.

"ಹಾಗಾದ್ರೆ... ಸೋಫಾದ ಮೇಲೆ ಹಾಕೋಣ್ವಾ?"

"ಅವಳನ್ನಾ? ಅವಳ ಜಾಗ ನಂಗೊತ್ತು!"

ಮೂರನೆಯ ಕಾಫಿಯ ನಂತರ ಅವನು ಪಾಯಿಖಾನೆಗೆ ಹೋಗಿ ಕೂತ. ಎದುರಿಗೆ, ಕ್ಯಾಲೆಂಡರಿನ ಪಕ್ಕದಲ್ಲಿ, ಹಸಿರು ಅತ್ತೆ ಅವನನ್ನೇ ದುರುಗುಟ್ಟಿ ನೋಡುತ್ತಿದ್ದರು. ಅಂತೂ ಅವನಿಗೂ ಒಂದು ಮೊಳೆ ಸಿಕ್ಕಿತ್ತು.

ಬಾಗಿಲಾಚೆಯಿಂದ ಜೀವಂತ ಅತ್ತೆ ಕೂಗಿದರು: "ಅಳಿಯಾ, ಮುಂದಿನ ವರ್ಷ ನಂದು ಬರೀಬೇಕು! ಆ ಮುದುಕಿ ಥರ ಮಾತ್ರ ಕಾಣಬಾರದು, ಅಷ್ಟೇ!"