ಹೆಂಡತಿಗೆ ಪ್ಯಾಡ್ ಹಿಡಿದದ್ದು

ಆ ಭಾನುವಾರ ಏಟು ಮೊದಲು ಬಿತ್ತೋ, ನಾನು ಮೊದಲು ಬಗ್ಗಿದೆನೋ, ಖಚಿತವಾಗಿ ಹೇಳಲಾರೆ. ವಿಶ್ವವಿದ್ಯಾಲಯದಲ್ಲಿ ತರ್ಕಶಾಸ್ತ್ರ ಓದಿದ ಮೇಲೆ ನನಗೆ ಯಾರ ಮಾತಿನಲ್ಲೂ ನಂಬಿಕೆಯಿಲ್ಲ; ನನ್ನ ನೆನಪಿನಲ್ಲಂತೂ ಇಲ್ಲವೇ ಇಲ್ಲ. ಆದರೆ ಹೊಟ್ಟೆಕಿಚ್ಚಿನ ಬಗ್ಗೆ ಸಂಶಯವಿಲ್ಲ. ಅದು ಏಟಿಗಿಂತ ಬಹಳ ಮೊದಲೇ ಅಲ್ಲಿತ್ತು.

ನನ್ನ ಹೆಂಡತಿ ಸವಿತಾ ಬೆನ್ನುನೋವಿಗೆಂದು ರಾಮನಗರದ ನಮ್ಮ ಬಡಾವಣೆಯ ಬಾಕ್ಸಿಂಗ್ ಕ್ಲಾಸಿಗೆ ಸೇರಿದಳು. ಬೆನ್ನುನೋವು ಹೋಯಿತು. ಅದರ ಜಾಗಕ್ಕೆ ಯೋಗೇಶ್ ಸರ್ ಬಂದರು! ಕುದೂರಿನ ಕಡೆಯ ಹುಡುಗ, ಆ ಕ್ಲಾಸಿನ ಕೋಚ್. ಇಡ್ಲಿ ಬಡಿಸುವಾಗಲೂ ಅವನದೇ ಮಾತು: "ಚಟ್ನಿಗೆ ಎಣ್ಣೆ ಕಮ್ಮಿ ಹಾಕ್ಬೇಕಂತೆ, ಯೋಗೇಶ್ ಸರ್ ಹೇಳಿದ್ರು." ಅದನ್ನೇ ನಾನು ವರ್ಷಗಟ್ಟಲೆ ಹೇಳಿದ್ದೆ. ಆದರೆ ನಾನು ಬರೀ 'ರೀ', ಅವನು 'ಸರ್'!

ಒಂದು ಬೆಳಿಗ್ಗೆ ನೋಡಲು ಹೋದೆ. ಅವನು ಎರಡೂ ಕೈಗೆ ದಪ್ಪನೆಯ ಪ್ಯಾಡ್ ತೊಟ್ಟು ನಿಂತಿದ್ದ. "ಒನ್!" ಎಂದ. ಸವಿತಾಳ ಎಡಗೈ ನೇರ ಹೋಗಿ ಪ್ಯಾಡಿಗೆ ಬಡಿಯಿತು. "ಒನ್-ಟೂ!" ಎಡ, ಬಲ. "ತ್ರೀ!" ಎಡಗೈ ಪಕ್ಕದಿಂದ ಸುತ್ತಿ ಬಂತು. ಹೊಡೆತದ ಹೆಸರು ಹೇಳುತ್ತ ಕೂತರೆ ತಡವಾಗುತ್ತದೆಂದು ಒಂದೊಂದಕ್ಕೂ ಒಂದೊಂದು ಅಂಕಿ, ಒಂದರಿಂದ ಆರರವರೆಗೆ. ಅಂಕಿ ಅವನ ಬಾಯಿಂದ ಪೂರ್ತಿ ಬರುವ ಮೊದಲೇ ಅವಳ ಕೈ ಹೊರಟಿರುತ್ತಿತ್ತು. ಮನೆಯಲ್ಲಿ ನಾನು "ಫ್ಯಾನ್ ಆಫ್ ಮಾಡು" ಎಂದರೆ ಅವಳು ಏಳುವಷ್ಟರಲ್ಲಿ ಚಳಿಗಾಲವೇ ಮುಗಿದಿರುತ್ತದೆ!

ಪಕ್ಕದ ಮನೆಯ ನಂಜುಂಡನೂ ಅಲ್ಲೇ ಕಲಿಯುತ್ತಿದ್ದ. ಬಿಡದಿಯ ಕಾರ್ಖಾನೆಯಲ್ಲಿ ಕೆಲಸ, ನನ್ನ ವಾರಿಗೆಯವನು.

"ಯಾಕ್ಲಾ ಮುಖ ಹಿಂಗ್ ಮಾಡ್ಕೊಂಡಿದ್ದೀಯ? ಅವ್ನು ಹೇಳ್ದಂಗೆಲ್ಲ ಸವಿತಕ್ಕ ಹೊಡೀತಾರೆ. ನೀನು ಹೇಳಿದ್ರೆ ಕೇಳ್ತಾರೇನ್ಲಾ?"

ಈ ಪ್ರಶ್ನೆಯೇ ನನ್ನನ್ನು ಕೆಡಿಸಿತು.

ಮುಂದಿನ ಭಾನುವಾರ ಮನೆಯವರೆದುರು ಎಲ್ಲರೂ ಕಲಿತದ್ದನ್ನು ತೋರಿಸುವ ಕಾರ್ಯಕ್ರಮವಿತ್ತು. ಸವಿತಾಳಿಗೆ ಪ್ಯಾಡ್ ಹಿಡಿಯುವವನು ನಾನೇ ಎಂದು ಘೋಷಿಸಿದೆ. ಅವಳು ನನ್ನ ಮಾತಿಗೂ ಕೈ ಎತ್ತುತ್ತಾಳೆಂಬುದನ್ನು ಬಡಾವಣೆ ಕಣ್ಣಾರೆ ನೋಡಬೇಕು!

"ಮೊದ್ಲು ಯೋಗೇಶ್ ಸರ್ ಹತ್ರ ಒಸಿ ಕೇಳ್ಕೊಂಡ್ಬನ್ರೀ," ಎಂದಳು ಸವಿತಾ.

"ಆರು ಅಂಕಿ ಕಲಿಯೋಕೂ ಗುರು ಬೇಕೇನೇ?"

"ಹೋಗ್ಲಿ, ನನ್ ಜೊತೆ ಒಂದ್ಸಲ ಪ್ರಾಕ್ಟೀಸಾದ್ರೂ ಮಾಡಿ."

"ಅಲ್ಲೇ ನೋಡ್ತೀಯಂತೆ!"

ಮೊಬೈಲಿನಲ್ಲಿ ಯಾವನೋ ವಿದೇಶಿ ಕೋಚ್ ಆರೂ ಅಂಕಿಗಳನ್ನು ವಿವರಿಸಿದ್ದ. ಫೈವ್ ಎಂದರೆ ಎಡಗೈ ಕೆಳಗಿನಿಂದ ಗಲ್ಲಕ್ಕೆ, ಸಿಕ್ಸ್ ಎಂದರೆ ಬಲಗೈ ಹಾಗೆಯೇ. ಪ್ಯಾಡನ್ನು ಗಲ್ಲದ ಕೆಳಗೆ ಕವುಚಿ ಹಿಡಿಯಬೇಕು. ನಾಲ್ಕು ದಿಂಬುಗಳ ಸಮ್ಮುಖದಲ್ಲಿ ಅಭ್ಯಾಸವೂ ಆಯಿತು. ದಿಂಬುಗಳಿಂದ ಆಕ್ಷೇಪಣೆ ಬರಲಿಲ್ಲ.

ಭಾನುವಾರ ಬಂತು. "ಒನ್!" ಎಂದೆ. ಹೊಡೆದಳು! "ಒನ್-ಟೂ! ತ್ರೀ!" ಹೊಡೆದಳು! ಜನ ಚಪ್ಪಾಳೆ ತಟ್ಟಿದರು. ಮದುವೆಯಾದಾಗಿನಿಂದ ನನ್ನ ಮಾತು ಇಷ್ಟು ವೇಗವಾಗಿ ಜಾರಿಗೆ ಬಂದದ್ದೇ ಇಲ್ಲ. ಯೋಗೇಶನ ಕಡೆ ಓರೆಗಣ್ಣಿನಿಂದ ನೋಡಿ, ಎದೆಯುಬ್ಬಿಸಿ, ಪ್ಯಾಡನ್ನು ಗಲ್ಲದ ಕೆಳಗಿಟ್ಟು ಗುಡುಗಿದೆ: "ಫೈವ್!"

ಅವಳ ಎಡಗೈ ನೇರವಾಗಿ ನನ್ನ ಹೊಟ್ಟೆಗೆ ಬಂತು.

ಇಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಚನ್ನಪಟ್ಟಣದ ಕಾಲೇಜಿನಲ್ಲಿ ಪಾಠ ಮಾಡುವವನು ನಾನು. ವಿದ್ಯಾರ್ಥಿ ತಪ್ಪಿದರೆ ಮುಂದಿನ ಪ್ರಶ್ನೆ ಕೇಳುವುದು ಅಭ್ಯಾಸ. ಉಳಿದಿದ್ದ ಉಸಿರನ್ನೆಲ್ಲ ಕೂಡಿಸಿ ಕೇಳಿದೆ: "ಸಿಕ್ಸ್!"

ಅವಳ ಬಲಗೈ ಎಡಗೈಗಿಂತ ಬಲವಾಗಿದೆ!

ನಾನು ಬಗ್ಗಿದೆ. ಅವರ ಕ್ಲಾಸಿನಲ್ಲಿ ಫೈವ್-ಸಿಕ್ಸ್ ಆದ ಮೇಲೆ ಹೇಳದೆಯೇ ಒಂದು ತ್ರೀ ಹೊಡೆದು ಮುಗಿಸುವ ಪದ್ಧತಿಯಂತೆ. ಪದ್ಧತಿಯನ್ನು ಅವಳು ಮುರಿಯಲಿಲ್ಲ. ಆ ಏಟಿಗೆ ನನ್ನ ಕೈಯ ಪ್ಯಾಡೇ ಬಂದು ನನ್ನ ಮೂಗಿಗೆ ಅಪ್ಪಳಿಸಿತು. ಅವಳು ಮತ್ತೆ ಒನ್‌ನಿಂದ ಶುರುಮಾಡಿದಳು!

ಕಣ್ಣು ಸರಿಯಾಗಿ ಕಾಣುವ ಹೊತ್ತಿಗೆ ನಾನು ಕುರ್ಚಿಯಲ್ಲಿದ್ದೆ. ಯೋಗೇಶ ನನ್ನ ಬೆನ್ನು ನೀವುತ್ತಿದ್ದ.

"ನೀವೇ ತಾನೇ ಫೈವ್ ಅಂದಿದ್ದು?" ಎಂದಳು ಸವಿತಾ.

"ಫೈವ್ ಅಂದ್ರೆ ಗಲ್ಲ ಕಣೇ!"

"ನಮ್ ಕ್ಲಾಸಲ್ಲಿ ಹೊಟ್ಟೆ ಕಣ್ರೀ!"

"ಒಬ್ಬೊಬ್ಬ ಕೋಚ್‌ದು ಒಂದೊಂದ್ ಲೆಕ್ಕ ಸಾರ್," ಎಂದ ಯೋಗೇಶ. "ಹೊಟ್ಟೆಗೆ ಹೊಡ್ಸುವಾಗ ನಾನು ದಪ್ಪನೆ ಬೆಲ್ಟ್ ಕಟ್ಕೊತೀನಿ. ಒಂದ್ ಮಾತು ಕೇಳಿದ್ರೆ ಹೇಳ್ತಿದ್ನಲ್ಲಾ ಸಾರ್."

ಆ ವಿನಯವನ್ನೂ ಸಹಿಸಿಕೊಂಡೆ. ಸಹಿಸಲಾಗದ್ದು ಅದರ ನಂತರ ಬಂತು. ಸವಿತಾ ಅವನತ್ತ ತಿರುಗಿ ಮೆಲ್ಲಗೆ, "ಸರ್, ನನ್ ಸಿಕ್ಸ್ ಹೆಂಗಿತ್ತು?" ಎಂದಳು.

"ಸಕತ್ತಾಗಿತ್ತು ಮೇಡಂ!"

ಮನೆಗೆ ಬಂದು ತಕರಾರು ತೆಗೆದೆ. ನೋವಾದಾಗ ನಾನು "ಸಾಕು ನಿಲ್ಲಿಸು" ಎಂದು ಕೂಗಿದ್ದೆ, ನೀನು ಕೇಳಲಿಲ್ಲ ಎಂದೆ. ನೀವು ಬಾಯೇ ಬಿಡಲಿಲ್ಲ ಎಂದಳು. ನನ್ನ ನೆನಪನ್ನು ನಾನೇ ನಂಬದವನು, ಇನ್ನು ಅವಳನ್ನು ನಂಬಿಸುವುದು ಹೇಗೆ? ನಂಜುಂಡ ಎಲ್ಲವನ್ನೂ ವಿಡಿಯೋ ಮಾಡಿದ್ದ. ನಗು ತಡೆದುಕೊಂಡು ಅದನ್ನು ಕಳಿಸಿಕೊಟ್ಟ. ಸದ್ದು ಜೋರು ಮಾಡಿ, ಹಿಂದೆ ಮುಂದೆ ಓಡಿಸಿ ಪರಿಶೀಲಿಸಿದೆ. ಈ ಒಂದು ವಿಷಯದಲ್ಲಿ ನನ್ನ ನೆನಪು ಸರಿಯಾಗಿಯೇ ಇದೆ. "ಸಾಕು ನಿಲ್ಲಿಸು" ಎಂದು ನಾನು ಗಂಟಲು ಹರಿಯುವಂತೆ ಕೂಗಿದ್ದೇನೆ. ಅವಳು ಹೊಡೆಯುತ್ತಲೇ ಇದ್ದಾಳೆ. ಆಗ ಮೂಲೆಯಿಂದ ಯೋಗೇಶ, ಕೇಳಿಸಿಯೂ ಕೇಳಿಸದಷ್ಟು ಮೆತ್ತಗೆ, "ಟೈಮ್" ಎಂದಿದ್ದಾನೆ. ಅವಳ ಕೈ ಗಾಳಿಯಲ್ಲೇ ನಿಂತಿದೆ.