ನನ್ನ ಜೀನು ರೊಟ್ಟಿ ಕೇಳಿತು

ಕಾಶಿಯಲ್ಲಿ ಒಬ್ಬನೇ ಇರುವ ಗಂಡಸಿಗೆ ಇಂಥವು ಆಗುತ್ತಲೇ ಇರುತ್ತವೆ. ತಾನಾಗಿ ಆಗದಿದ್ದರೆ ನಾನೇ ಸ್ವಲ್ಪ ಕೈಹಚ್ಚುತ್ತೇನೆ.

೧. ಎರಡು ಕಿಲೋ ಜ್ವರ

ರೈಲ್ವೆಯವರು ನನ್ನನ್ನು ವಿಜಯಪುರದಿಂದ ಎತ್ತಿ ಇಲ್ಲಿಗೆ ಹಾಕಿದರು. ಹೆಂಡತಿ ಅಲ್ಲೇ ಶಾಲೆಯಲ್ಲಿ ಟೀಚರು. ಒಂದು ದಿನ ಅವಳ ರೊಟ್ಟಿಯ ನೆನಪು ತಡೆಯದೆ ಜಂಗಮವಾಡಿಯ ಕಿರಾಣಿ ಅಂಗಡಿಗೆ ಹೋದೆ. ಜೋಳಕ್ಕೆ ಹಿಂದಿಯಲ್ಲಿ ‘ಜ್ವಾರ್’. ಆ ದೀರ್ಘ ನನ್ನ ಬಾಯಲ್ಲಿ ನಿಲ್ಲಲಿಲ್ಲ.

“ಭಯ್ಯಾ, ಜ್ವರ್ ಹೈ ಕ್ಯಾ?”

ಅಂಗಡಿಯವ ಹಣೆ ಮುಟ್ಟಿ ನೋಡಿಕೊಂಡ. “ನಹೀಂ ತೋ, ಚಾಚಾ.”

“ದೋ ಕಿಲೋ ಚಾಹಿಯೇ.”

ಅವನು ಸುಮ್ಮನೆ ಎದುರಿನ ಔಷಧಿ ಅಂಗಡಿ ತೋರಿಸಿದ.

೨. ಕೆಂಪು ಉಗುಳು

ಇಲ್ಲಿನ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುವ ದಾವಣಗೆರೆಯ ಹುಡುಗಿಯೊಬ್ಬಳು ಒಂದು ಕೊಳವೆ ಕೊಟ್ಟಳು. “ಇದರಲ್ಲಿ ಉಗುಳಿ ಕೊಡಿ ಅಂಕಲ್. ಜೀನ್ ನೋಡಿ, ನಿಮಗೆ ಯಾವ ಊಟ ಒಗ್ಗುತ್ತೆ ಅಂತ ಹೇಳ್ತೀವಿ.”

ಕೊಟ್ಟೆ. ಮರುದಿನ ಫೋನ್. “ಕೇಳಿದ್ದು ಉಗುಳು ಅಂಕಲ್, ರಕ್ತ ಯಾಕೆ ಕೊಟ್ರಿ?”

“ರಕ್ತ ಅಲ್ಲಮ್ಮ, ಪಾನು.”

ಅರ್ಧ ಗಂಟೆ ಬಾಯಿ ಖಾಲಿ ಇಟ್ಟು ಮತ್ತೆ ಉಗುಳಬೇಕಂತೆ. ನನ್ನಿಂದಾಗದ ಕೆಲಸ. ಕೆಳಗಿನ ಮನೆಯ ಮಾಲೀಕರು ಗರಡಿಯ ಹಳೇ ಪೈಲ್ವಾನರು, ಪಾನು ಮುಟ್ಟದವರು. ಹುಡುಗಿ ಕೊಟ್ಟ ಹೊಸ ಕೊಳವೆಯನ್ನು ಅವರ ಮುಂದೆ ಹಿಡಿದೆ.

ಅವರು ಅದನ್ನು ತಿರುಗಿಸಿ ನೋಡಿದರು. “ಇಷ್ಟು ದೊಡ್ಡ ಊರು ಇರುವಾಗ, ಇದರಲ್ಲೇ ಯಾಕೆ?”

೩. ವರದಿಯ ಕೊನೇ ಸಾಲು

ವರದಿ ಬಂತು: ಹಾಲು ಚೆನ್ನಾಗಿ ಒಗ್ಗುತ್ತದೆ. ಹೆಂಡತಿಗೆ ಫೋನಿನಲ್ಲಿ ಅದನ್ನು ಓದಿ, ಕೆಳಗೊಂದು ಸಾಲು ನಾನೇ ಸೇರಿಸಿದೆ: “ಈ ಮನುಷ್ಯನ ಜೀನಿಗೆ ಹೆಂಡತಿ ಕೈಯ ಜೋಳದ ರೊಟ್ಟಿಯೇ ಆಗಬೇಕು.”

“ಹಾಂಗಂತ ಬರದಾರೇನ್ರಿ?”

“ಬರದಾರ.”

“ಹಾಲೂ ಒಗ್ಗತದಂತ ಬರದಾರ? ನಿಮಗ?”

ಒಂದು ಲೋಟ ಹಾಲು ಕುಡಿದರೆ ನಾನು ಎಷ್ಟು ಸಲ ಪಾಯಖಾನೆಗೆ ಓಡುತ್ತೇನೆ ಅನ್ನುವುದು ಅವಳಿಗೆ ಮದುವೆಯಾದ ವಾರದಿಂದ ಗೊತ್ತು. ಲೈನ್ ಕಟ್ಟಾಯಿತೆಂದು ನಟಿಸಿ ಫೋನಿಟ್ಟೆ.

ಬೇಸಿಗೆ ರಜೆಗೆ ಬಂದೇ ಬಂದಳು, ಹಿಟ್ಟಿನ ಚೀಲದ ಸಮೇತ. ಎಂಟು ತಿಂಗಳ ಮೇಲೆ ನನ್ನ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು. ತಟ್ಟೆ ಮುಂದಿಟ್ಟುಕೊಂಡು ಕಣ್ಣುಮುಚ್ಚಿ ಕೇಳುತ್ತ ಕೂತೆ. ಕಣ್ಣು ತೆರೆದರೆ ತಟ್ಟೆ ಖಾಲಿ. ಮೊದಲಿನ ಎರಡು ಬಿಸಿ ರೊಟ್ಟಿ, ಎಣ್ಣೆಗಾಯಿ ಸಮೇತ, ಅವಳ ಕೈಯಲ್ಲಿ ಕೆಳಗಿಳಿಯುತ್ತಿವೆ.

“ಏ, ಅವು ನನ್ನವು!”

“ಜೀನು ಯಾರದೋ, ರೊಟ್ಟಿ ಅವರದು. ನಿಮ್ಮ ಬದಲಿ ಉಗುಳಿದವರು ತಾವು ಅಂತ ಪೈಲ್ವಾನರು ಬಾಗಿಲಲ್ಲೇ ಹೇಳಿದ್ರು.”

“ಹಂಗಾದ್ರ ಅವರ ಹೆಂಡತಿ ಬಡೀಲಿ! ಹೆಂಡತಿ ಕೈದೇ ಆಗಬೇಕಂತ ಬರದದಲ್ಲ!”

“ಆ ಸಾಲೊಂದು ನಿಮ್ಮದು ಅಂತ ನನಗ ಗೊತ್ತದ,” ಅಂದಳು. ಕೆಳಗೆ ಕೊಟ್ಟು ಬಂದು, ಮೂರನೇ ರೊಟ್ಟಿಯನ್ನು ನನ್ನ ತಟ್ಟೆಗೆ ಹಾಕಿದಳು. “ಬಾ ಅನ್ನಬೇಕಾದ್ರ ಬಾ ಅನ್ರಿ. ಅದಕ್ಕ ಮಂದಿ ಉಗುಳು ಯಾಕ ಬೇಕು?”